ಜೇಡದ ವಿಷ ಹಾಕಿ ನರತುದಿಯ ಗ್ಲುಟಮೇಟ್ ಅಳೆಯುವ ಬಗೆ: ಯಾವುದು ಬಿಡುಗಡೆ, ಯಾವುದು ಬರೀ ಸೋರಿಕೆ

ಇಲಿಯ ಮಿದುಳಿನಿಂದ ಬೇರ್ಪಡಿಸಿದ ನರತುದಿಗಳಿಗೆ ಆಲ್ಫಾ-ಲ್ಯಾಟ್ರೊಟಾಕ್ಸಿನ್ ಎಂಬ ಜೇಡದ ವಿಷ ಹಾಕಿದರೆ ಒಂದೆರಡು ನಿಮಿಷದಲ್ಲಿ, ಹೊರಬಂದ ಗ್ಲುಟಮೇಟನ್ನು ಹೊಳಪಿನ ಲೆಕ್ಕದಲ್ಲಿ ತೋರಿಸುವ ಫ್ಲೋರಿಮೀಟರಿನ ಗೆರೆ ಏರತೊಡಗುತ್ತದೆ. ಗ್ಲುಟಮೇಟ್ ಒಂದು ನರಪ್ರೇಷಕ, ಅಂದರೆ ನರಕೋಶಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕ. ಅದನ್ನು ನೋಡಿದ ಕೂಡಲೇ ‘ವಿಷವು ನರಪ್ರೇಷಕದ ಬಿಡುಗಡೆ ಮಾಡಿಸಿತು’ ಎಂದು ನೋಟ್‌ಬುಕ್ಕಿನಲ್ಲಿ ಬರೆದುಬಿಡುವುದು, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ. ಈ ವಿಷ ಎರಡು ಕೆಲಸ ಮಾಡುತ್ತದೆ, ಅದೂ ಒಟ್ಟೊಟ್ಟಿಗೆ. ನರತುದಿಯೊಳಗಿನ ವೆಸಿಕಲ್‌ಗಳು (ನರಪ್ರೇಷಕ ತುಂಬಿದ ಪುಟ್ಟ ಚೀಲಗಳು) ಪೊರೆಯೊಂದಿಗೆ ಕೂಡಿಕೊಂಡು ತಮ್ಮಲ್ಲಿದ್ದ ಗ್ಲುಟಮೇಟನ್ನು ಹೊರಗೆ ಸುರಿಯುವಂತೆ ಮಾಡುವುದು ಒಂದು. ಪೊರೆಗೇ ತೂತು ಹಾಕಿ, ಕೋಶರಸದಲ್ಲಿ ಮೊದಲೇ ಕರಗಿರುವ ಗ್ಲುಟಮೇಟ್ ಸೋರಿಹೋಗಲು ಬಿಡುವುದು ಇನ್ನೊಂದು. ಫ್ಲೋರಿಮೀಟರಿಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ವಿಷ ಎರಡನ್ನೂ ಮಾಡುತ್ತದೆಂಬುದನ್ನು ನಿಕಲ್ಸ್ ಮತ್ತು ಮೆಲ್ಡೊಲೇಸಿ ಎಂಬ ವಿಜ್ಞಾನಿಗಳಿದ್ದ ತಂಡ 1990ರಲ್ಲೇ ತೋರಿಸಿಕೊಟ್ಟಿದೆ. ಆದ್ದರಿಂದ ಈ ಪ್ರಯೋಗದಲ್ಲಿ ವಿಷ ಹಾಕುವುದು ಸಣ್ಣ ಕೆಲಸ. ಕಂಟ್ರೋಲ್‌ಗಳನ್ನು (ಹೋಲಿಕೆಗೆಂದು ಮಾಡುವ ಅಳತೆಗಳನ್ನು) ಸರಿಯಾಗಿ ಕಟ್ಟುವುದೇ ದೊಡ್ಡದು. ಧಾರವಾಡ-ಹುಬ್ಬಳ್ಳಿ ಕಡೆಯ ಪ್ರಾಣಿಶಾಸ್ತ್ರ, ಜೀವರಸಾಯನ, ಫಾರ್ಮಕಾಲಜಿ ಲ್ಯಾಬ್‌ಗಳಲ್ಲಿ ಪಿಎಚ್‌ಡಿ ಮಾಡುತ್ತಿರುವವರನ್ನು ಎದುರಿಗಿಟ್ಟುಕೊಂಡು ಈ ಕ್ರಮವನ್ನು ಬರೆಯಲಾಗಿದೆ.

ವಿಷ ಕೆಲಸ ಮಾಡುವ ರೀತಿ

ಲ್ಯಾಟ್ರೊಡೆಕ್ಟಸ್ ಕುಲದ ಜೇಡಗಳಲ್ಲಿ, ಅಂದರೆ ‘ಬ್ಲ್ಯಾಕ್ ವಿಡೋ’ ಮತ್ತು ಅದರ ಬಳಗದಲ್ಲಿ, ಈ ವಿಷ ಇರುತ್ತದೆ. ಪ್ರಯೋಗಕ್ಕೆ ಬಳಸುವುದು ಬಹುಮಟ್ಟಿಗೆ ಮೆಡಿಟರೇನಿಯನ್ ಸುತ್ತಲಿನ ಲ್ಯಾಟ್ರೊಡೆಕ್ಟಸ್ ಟ್ರೆಡೆಸಿಮ್‌ಗುಟ್ಟಾಟಸ್ ಜಾತಿಯದು. ಮನೆಯ ಮೂಲೆಯಲ್ಲಿ ಬಲೆ ಕಟ್ಟುವ ಸಾಮಾನ್ಯ ಜೇಡ ಹಿಡಿದು ತಂದರೆ ಏನೂ ಸಿಗದು. ಶುದ್ಧೀಕರಿಸಿದ ವಿಷವನ್ನೇ ಕೊಳ್ಳಬೇಕು. ಲ್ಯಾಟ್ರೊಡೆಕ್ಟಸ್‌ನ ಕಚ್ಚಾ ವಿಷದಲ್ಲಿ ಕೀಟಗಳ ಮೇಲೆ, ಏಡಿ-ಸಿಗಡಿಗಳ ಮೇಲೆ ಮಾತ್ರ ಕೆಲಸ ಮಾಡುವ ಬೇರೆ ಲ್ಯಾಟ್ರೊಟಾಕ್ಸಿನ್‌ಗಳೂ ಬೆರೆತಿರುತ್ತವೆ. ಬೆನ್ನೆಲುಬಿರುವ ಪ್ರಾಣಿಗಳ ನರತುದಿಗೆ ನಾಟುವುದು ಆಲ್ಫಾ.

ಇದು ಸುಮಾರು 130 ಕಿಲೋಡಾಲ್ಟನ್ ತೂಕದ ಪ್ರೋಟೀನು. ದ್ರಾವಣದಲ್ಲಿ ಎರಡೆರಡಾಗಿ ಜೋಡಿಯಾಗಿರುತ್ತದೆ. ಮೆಗ್ನೀಸಿಯಮ್ ಅಥವಾ ಕ್ಯಾಲ್ಸಿಯಮ್ ಇದ್ದರೆ ಎರಡು ಜೋಡಿ ಸೇರಿ ನಾಲ್ಕರ ಗುಂಪಾಗುತ್ತದೆ. ಪೊರೆಯೊಳಗೆ ಇಳಿದು ತೂತಾಗುವುದು ಈ ನಾಲ್ಕರ ಗುಂಪೇ. ಇದೊಂದು ಸಂಗತಿ ತಲೆಯಲ್ಲಿದ್ದರೆ ಮುಂದಿನ ಅರ್ಧ ತೊಂದರೆಗಳು ತಾವಾಗಿಯೇ ಬಗೆಹರಿಯುತ್ತವೆ.

ನರತುದಿಯ ಮೇಲೆ ಇದು ಹಿಡಿಯುವ ಗ್ರಾಹಕಗಳು (ವಿಷ ಅಂಟಿಕೊಳ್ಳುವ ಪೊರೆಯ ಪ್ರೋಟೀನುಗಳು) ಮುಖ್ಯವಾಗಿ ಎರಡು. ನ್ಯೂರೆಕ್ಸಿನ್ ಹಿಡಿಯಬೇಕಾದರೆ ಹೊರಗೆ ಕ್ಯಾಲ್ಸಿಯಮ್ ಇರಲೇಬೇಕು. ಲ್ಯಾಟ್ರೊಫಿಲಿನ್‌ಗೆ ಅದು ಬೇಡ. ಪಿಟಿಪಿ-ಸಿಗ್ಮಾ ಎಂಬ ಮೂರನೆಯದೂ ಇದೆ, ಅದೂ ಕ್ಯಾಲ್ಸಿಯಮ್ ಇಲ್ಲದೆ ಹಿಡಿಯುತ್ತದೆ. ಗ್ರಾಹಕವನ್ನು ಹಿಡಿದ ವಿಷ ತೂತಾದ ಮೇಲೆ ಹೊರಗಿನ ಕ್ಯಾಲ್ಸಿಯಮ್, ಸೋಡಿಯಮ್ ಒಳಗೆ ನುಗ್ಗುತ್ತವೆ. ಕ್ಯಾಲ್ಸಿಯಮ್ ಒಳಹೊಕ್ಕರೆ ವೆಸಿಕಲ್ ‘ಒಡೆಯುವುದು’, ಅಂದರೆ ಪೊರೆಗೆ ಕೂಡಿ ಹೊರಗೆ ಸುರಿಯುವುದು, ಸಹಜವೇ. ಆದರೆ ತೂತಿಲ್ಲದೆಯೂ, ಲ್ಯಾಟ್ರೊಫಿಲಿನ್ ಮೂಲಕ ಒಳಗಿನ ಕ್ಯಾಲ್ಸಿಯಮ್ ಸಂಗ್ರಹವನ್ನು ಕೆಣಕಿ ಬಿಡುಗಡೆ ಮಾಡಿಸುವ ದಾರಿಯೊಂದಿದೆ. ನಾಲ್ಕು ಅಮೈನೋ ಆಮ್ಲ ಸೇರಿಸಿ ಮಾಡಿದ ‘ಎಲ್‌ಟಿಎಕ್ಸ್-ಎನ್4ಸಿ’ ಎಂಬ ರೂಪಾಂತರ ತೂತು ಮಾಡಲಾರದು, ಆದರೂ ಹೊರಗೆ ಕ್ಯಾಲ್ಸಿಯಮ್ ಇದ್ದರೆ ಬಿಡುಗಡೆ ಮಾಡಿಸುತ್ತದೆ. ಅದು ಸಿಕ್ಕರೆ ನಿಮ್ಮ ಕೆಲಸ ಅರ್ಧ ಹಗುರ. ಸಿಗುವುದು ಕಷ್ಟ.

ಆರ್ಡರ್, ಅನುಮತಿ

ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಕೈಗೆ ಬರುವ ಮುನ್ನ ವಿಷಕ್ಕೆ ಆರ್ಡರ್ ಹಾಕಬೇಡಿ. ಸಿಸಿಎಸ್‌ಇಎ (ಪ್ರಾಣಿಪ್ರಯೋಗಗಳ ಮೇಲ್ವಿಚಾರಣೆಯ ಕೇಂದ್ರ ಸಮಿತಿ) ನಮೂನೆಯ ಅರ್ಜಿಯಲ್ಲಿ ಇಲಿಗಳ ಸಂಖ್ಯೆಗೆ ಕಾರಣ ಕೇಳುತ್ತಾರೆ. ಒಂದು ಇಲಿಯ ಕಾರ್ಟೆಕ್ಸ್‌ನಿಂದ ಹತ್ತು-ಹದಿನೈದು ಕ್ಯುವೆಟ್‌ಗೆ (ಫ್ಲೋರಿಮೀಟರಿನಲ್ಲಿ ಇಡುವ ಪುಟ್ಟ ಪಾತ್ರೆಗೆ) ಸಾಲುವಷ್ಟು ನರತುದಿ ಸಿಗುತ್ತದೆಂದು ಲೆಕ್ಕ ಹಿಡಿದು ಬರೆಯಿರಿ.

ವಿಷ ಒಣಪುಡಿಯಾಗಿ ಬಂದರೆ ದಾರಿಯಲ್ಲಿ ಅಷ್ಟು ಕೆಡುವುದಿಲ್ಲ, ದ್ರವವಾಗಿ ಬಂದರೆ ಡ್ರೈ ಐಸ್ ಕರಗುವುದರೊಳಗೆ ಕೈಸೇರಬೇಕು. ಪಾರ್ಸಲ್ ಸೋಮವಾರದಿಂದ ಬುಧವಾರದೊಳಗೆ ತಲುಪುವಂತೆ ನೋಡಿಕೊಳ್ಳಿ. ಗಣೇಶ ಚವತಿಯ ವಾರ, ಹುಬ್ಬಳ್ಳಿಯ ರಂಗಪಂಚಮಿಯ ದಿನ ಯಾವ ಕೊರಿಯರ್ ಹುಡುಗನೂ ಓಣಿಯೊಳಗೆ ಬರಲಾರ. ಡಬ್ಬಿ ಗೋದಾಮಿನಲ್ಲೇ ಬಿದ್ದಿರುತ್ತದೆ.

5 ಮೈಕ್ರೊಗ್ರಾಂ ವಿಷ ಎಂದರೆ ಸುಮಾರು 38 ಪಿಕೊಮೋಲ್. ಇದನ್ನು 128 ಮೈಕ್ರೊಲೀಟರ್‌ನಲ್ಲಿ ಕರಗಿಸಿದರೆ 300 ನ್ಯಾನೋಮೋಲಾರ್ ಸ್ಟಾಕ್ ಆಗುತ್ತದೆ. 1 ಮಿ.ಲೀ. ಕ್ಯುವೆಟ್‌ಗೆ 3.3 ಮೈಕ್ರೊಲೀಟರ್ ಹಾಕಿದರೆ 1 ನ್ಯಾನೋಮೋಲಾರ್. ಹೀಗೆ ಒಂದು ಸೀಸೆಯಲ್ಲಿ ಮೂವತ್ತೆಂಟು ಕ್ಯುವೆಟ್ ಆಗಬೇಕು, ಕೈಯಲ್ಲಿ ಆಗುವುದು ಮೂವತ್ತರ ಆಸುಪಾಸು. ಕರಗಿಸುವ ಬಫರಿನಲ್ಲಿ ಪ್ರತಿ ಮಿ.ಲೀ.ಗೆ 1 ಮಿ.ಗ್ರಾಂ. ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನು) ಇರಲೇಬೇಕು. ಇಲ್ಲದಿದ್ದರೆ ನ್ಯಾನೋಮೋಲಾರ್ ಮಟ್ಟದ ಪ್ರೋಟೀನು ಟ್ಯೂಬಿನ ಗೋಡೆಗೇ ಅಂಟಿಕೊಂಡು, ಸ್ಟಾಕ್ 300 ಎಂದು ಲೇಬಲ್ ಹೇಳಿದರೂ ಒಳಗೆ ಅಷ್ಟು ಉಳಿದಿರುವುದಿಲ್ಲ. ಲೋ-ಬೈಂಡ್ ಟ್ಯೂಬಿನಲ್ಲಿ 10 ಮೈಕ್ರೊಲೀಟರಿನಂತೆ ಹಂಚಿ ಮೈನಸ್ 80ರಲ್ಲಿ ಇಡಿ. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ವೋರ್ಟೆಕ್ಸ್ ಮಾಡಲೇಬೇಡಿ, ಬೆರಳಿನಿಂದ ಹಗುರಾಗಿ ತಟ್ಟಿದರೆ ಸಾಕು.

ನೀರು ಮತ್ತು ಬಫರ್

ಕೊಳವೆಬಾವಿಯ ನೀರಿನ ಗಡಸುತನ ಈ ಭಾಗದಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ, ಗದಗ ಕಡೆ ಫ್ಲೋರೈಡೂ ಸೇರಿಕೊಂಡಿರುತ್ತದೆ. ಅದೇ ನೀರಿನಲ್ಲಿ ಗಾಜಿನ ಸಾಮಾನು ತೊಳೆದು ಒಣಗಿಸಿದರೆ ಬೀಕರಿನ ತಳದಲ್ಲಿ ತೆಳ್ಳಗೆ ಬಿಳಿ ಪೊರೆ ಕೂತಿರುತ್ತದೆ. ಅದು ಕ್ಯಾಲ್ಸಿಯಮ್. ‘ಕ್ಯಾಲ್ಸಿಯಮ್ ಇಲ್ಲದ ಬಫರ್’ ಎಂದು ಬರೆದಿಟ್ಟ ಬಾಟಲಿಯಲ್ಲಿ ಕ್ಯಾಲ್ಸಿಯಮ್ ಇರುತ್ತದೆಂದರೆ ಅದಕ್ಕೆ ಅರ್ಧ ಕಾರಣ ಇದೇ. ಗಾಜನ್ನು 1% ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಒಮ್ಮೆ ಅದ್ದಿ, ಡೀಅಯನೈಸ್ಡ್ ನೀರಿನಲ್ಲಿ ನಾಲ್ಕೈದು ಸಲ ತೊಳೆಯಿರಿ. ಬಫರಿಗೆ 18 ಮೆಗಾಓಮ್ ನೀರು (ಲವಣ ಪೂರ್ತಿ ತೆಗೆದ ಅತಿಶುದ್ಧ ನೀರು) ಬೇಕು. ಹಳೆಯ ಗಾಜಿನ ಡಿಸ್ಟಿಲ್ಲೇಶನ್ ಘಟಕದ ನೀರನ್ನು ನಂಬಬೇಡಿ.

ಒಂದು ಲೀಟರ್ ಅಳತೆ ಬಫರಿಗೆ: ಸೋಡಿಯಮ್ ಕ್ಲೋರೈಡ್ 8.18 ಗ್ರಾಂ, ಪೊಟ್ಯಾಸಿಯಮ್ ಕ್ಲೋರೈಡ್ 0.373, ಸೋಡಿಯಮ್ ಬೈಕಾರ್ಬನೇಟ್ 0.42, ಡೈಸೋಡಿಯಮ್ ಹೈಡ್ರೋಜನ್ ಫಾಸ್ಫೇಟ್ (ನೀರಿಲ್ಲದ್ದು) 0.17, ಮೆಗ್ನೀಸಿಯಮ್ ಕ್ಲೋರೈಡ್ ಹೆಕ್ಸಾಹೈಡ್ರೇಟ್ 0.203, ಗ್ಲೂಕೋಸ್ 1.8, ಹೆಪೆಸ್ 2.38 ಗ್ರಾಂ. ಪಿಎಚ್ ಅನ್ನು 7.4ಕ್ಕೆ ತನ್ನಿ, 37 ಡಿಗ್ರಿಯಲ್ಲಿ ನೋಡಿ. ಗ್ಲೂಕೋಸನ್ನು ಅಂದಂದೇ ಹಾಕಿ. ಹಿಂದಿನ ದಿನದ ಬಫರಿನಲ್ಲಿ ಬ್ಯಾಕ್ಟೀರಿಯಾ ಬೆಳೆದರೆ ಅದೂ ಗ್ಲುಟಮೇಟ್ ಬಿಡುತ್ತದೆ, ಬೇಸ್‌ಲೈನ್ (ವಿಷ ಹಾಕುವ ಮೊದಲಿನ ಗೆರೆ) ಓಲಾಡುತ್ತದೆ.

ಕ್ಯಾಲ್ಸಿಯಮ್ ಈ ಪಟ್ಟಿಯಲ್ಲಿಲ್ಲ. ಅದನ್ನು ಕ್ಯುವೆಟ್‌ಗೇ ಹಾಕುವುದು.

ನರತುದಿಗಳನ್ನು ಬೇರ್ಪಡಿಸುವುದು

ಬೆಳಗ್ಗೆ ಏಳಕ್ಕೇ ಶುರು ಮಾಡಿ. ಏಪ್ರಿಲ್-ಮೇನಲ್ಲಿ ಹನ್ನೊಂದರ ಹೊತ್ತಿಗೆ ಲ್ಯಾಬ್ ಕಾದಿರುತ್ತದೆ, ಐಸ್ ಬಕೆಟ್ ನೋಡನೋಡುತ್ತ ನೀರಾಗುತ್ತದೆ. ಸುಕ್ರೋಸ್ ದ್ರಾವಣ, ರೋಟರ್, ಹೋಮೋಜಿನೈಸರ್ ಎಲ್ಲ ಹಿಂದಿನ ರಾತ್ರಿಯೇ ಕೋಲ್ಡ್ ರೂಮಿನಲ್ಲಿರಲಿ.

ಕಾರ್ಟೆಕ್ಸನ್ನು 10 ಮಿ.ಲೀ. ತಣ್ಣನೆಯ ಸುಕ್ರೋಸಿಗೆ (0.32 ಮೋಲಾರ್, ಅಂದರೆ ಲೀಟರಿಗೆ 109.5 ಗ್ರಾಂ, ಜೊತೆಗೆ 5 ಮಿಲಿಮೋಲಾರ್ ಹೆಪೆಸ್, ಪಿಎಚ್ 7.4) ಹಾಕಿ, ಗಾಜು-ಟೆಫ್ಲಾನ್ ಹೋಮೋಜಿನೈಸರಿನಲ್ಲಿ ನಿಮಿಷಕ್ಕೆ 800 ಸುತ್ತಿನಂತೆ ಎಂಟು-ಹತ್ತು ಸಲ ಮೇಲೆ ಕೆಳಗೆ ಆಡಿಸಿ. ಇಲ್ಲಿ ಗಡಿಬಿಡಿ ಮಾಡಬೇಡಿ. ಪೆಸ್ಟಲನ್ನು ಬಿರುಸಾಗಿ ಮೇಲೆಳೆದರೆ ಅದರ ಕೆಳಗೆ ನಿರ್ವಾತ ಉಂಟಾಗಿ ಗುಳ್ಳೆಯೇಳುತ್ತದೆ, ಆ ಸೆಳೆತಕ್ಕೇ ನರತುದಿಗಳು ಹರಿದುಹೋಗುತ್ತವೆ. ದ್ರಾವಣ ನೊರೆಯಾಯಿತೆಂದರೆ ಆ ತಯಾರಿಕೆ ಕೈಬಿಡುವುದೇ ಲೇಸು.

1,000 ಜಿಯಲ್ಲಿ (ಗುರುತ್ವದ ಸಾವಿರ ಪಟ್ಟು ಸೆಳೆತದಲ್ಲಿ) 10 ನಿಮಿಷ ತಿರುಗಿಸಿ, ತಳದ ಗಸಿಯನ್ನು ಬಿಟ್ಟು ಮೇಲಿನ ದ್ರವ ತೆಗೆದುಕೊಳ್ಳಿ. ಅದರಲ್ಲಿ ಪ್ರೋಟೀನು ಮಿ.ಲೀ.ಗೆ 5 ಮಿ.ಗ್ರಾಂ. ಮೀರಬಾರದು, ಮೀರಿದರೆ ಸುಕ್ರೋಸ್ ಸೇರಿಸಿ ತೆಳುಮಾಡಿ. ಪರ್ಕೋಲ್ (ಕಣಗಳನ್ನು ಸಾಂದ್ರತೆಯಂತೆ ಬೇರ್ಪಡಿಸುವ ಸಿಲಿಕಾ ದ್ರವ) 23, 10, 3 ಶೇಕಡಾ ಪದರಗಳನ್ನು ಕೆಳಗಿನಿಂದ ಮೇಲಕ್ಕೆ ತಲಾ 2.5 ಮಿ.ಲೀ.ನಂತೆ ಸಾವಕಾಶ ಇಳಿಸಿ, ಮೇಲೆ 2 ಮಿ.ಲೀ. ಸ್ಯಾಂಪಲ್ ಇಡಿ. ಪರ್ಕೋಲ್ ಬೆರೆಸುವ ದ್ರಾವಣದಲ್ಲಿ ಸುಕ್ರೋಸ್ ಜೊತೆ 1 ಮಿಲಿಮೋಲಾರ್ ಇಡಿಟಿಎ (ಕ್ಯಾಲ್ಸಿಯಮ್, ಮೆಗ್ನೀಸಿಯಮ್ ಎರಡನ್ನೂ ಕಟ್ಟಿಹಾಕುವುದು), 0.25 ಮಿಲಿಮೋಲಾರ್ ಡಿಟಿಟಿ (ಆಕ್ಸಿಡೀಕರಣ ತಡೆಯುವುದು) ಇರುತ್ತದೆ. 32,500 ಜಿಯಲ್ಲಿ 5 ನಿಮಿಷ. ವೇಗ ಹಿಡಿಯುವ, ಇಳಿಯುವ ಹೊತ್ತು ಇದರಲ್ಲಿ ಸೇರಿಲ್ಲ. ರೋಟರಿನ ತ್ರಿಜ್ಯ 10.8 ಸೆಂ.ಮೀ. ಇದ್ದರೆ ಇದು 16,400 ಆರ್‌ಪಿಎಂ ಆಗುತ್ತದೆ. ಆದ್ದರಿಂದ ಅಲ್ಟ್ರಾಸೆಂಟ್ರಿಫ್ಯೂಜ್ ಬೇಕಿಲ್ಲ, ಹೈಸ್ಪೀಡ್ ಕೂಲಿಂಗ್ ಸೆಂಟ್ರಿಫ್ಯೂಜ್ ಸಾಕು. ಬ್ರೇಕ್ ಆಫ್ ಮಾಡಿ. ಬ್ರೇಕ್ ಹಾಕಿ ನಿಲ್ಲಿಸಿದರೆ ಪದರಗಳು ಕಲಸಿಹೋಗುತ್ತವೆ.

ಟ್ಯೂಬನ್ನು ಬೆಳಕಿಗೆ ಹಿಡಿದರೆ ಮೇಲೆ ಮಯಲಿನ್‌ನ ಬಿಳಿ ಪಟ್ಟೆ, ತಳದಲ್ಲಿ ಕಂದು ಬಣ್ಣದ ಮೈಟೊಕಾಂಡ್ರಿಯಾ. 10 ಮತ್ತು 23ರ ನಡುವೆ ಮಬ್ಬಾಗಿ, ಮಜ್ಜಿಗೆಯ ಬಣ್ಣದಲ್ಲಿ ಕಾಣುವ ಪಟ್ಟೆಯೇ ನಿಮಗೆ ಬೇಕಾದ ಸಿನ್ಯಾಪ್ಟೊಸೋಮ್‌ಗಳು, ಅಂದರೆ ಬೇರ್ಪಟ್ಟ ನರತುದಿಗಳು. ಪಾಶ್ಚರ್ ಪಿಪೆಟ್ಟಿನಲ್ಲಿ ಅದಷ್ಟನ್ನೇ ಎಳೆದುಕೊಂಡು, 30 ಮಿ.ಲೀ. ಅಳತೆ ಬಫರಿನಲ್ಲಿ ಕದಡಿ 27,000 ಜಿಯಲ್ಲಿ 10 ನಿಮಿಷ ತಿರುಗಿಸಿ. ಹೊತ್ತು ಉಳಿಸಲೆಂದು ಈ ತೊಳೆತವನ್ನು ಬಿಡುವವರಿದ್ದಾರೆ. ಹಾಗೆ ಬಿಟ್ಟರೆ ಪರ್ಕೋಲಿನ ಜೊತೆ ಇಡಿಟಿಎ ಉಳಿದು, ಬಫರಿನ ಮೆಗ್ನೀಸಿಯಮನ್ನು ಕಟ್ಟಿಹಾಕುತ್ತದೆ. ಆಮೇಲೆ ವಿಷ ನಾಲ್ಕರ ಗುಂಪಾಗುವುದಿಲ್ಲ, ಗೆರೆ ಅಲುಗುವುದಿಲ್ಲ. ಕೊನೆಗೆ ಕಂಪನಿ ಕೊಟ್ಟ ವಿಷವೇ ಸತ್ತಿದೆ ಎಂದು ಅವರಿಗೆ ಮೇಲ್ ಹೋಗುತ್ತದೆ.

ಪ್ರೋಟೀನು ಅಳೆದು 0.3 ಮಿ.ಗ್ರಾಂ.ನಂತೆ ಹಂಚಿ, 3,000 ಜಿಯಲ್ಲಿ 10 ನಿಮಿಷ ತಿರುಗಿಸಿ, ಮೇಲಿನ ದ್ರವ ಚೆಲ್ಲಿ, ಗಸಿಯನ್ನು ಹಾಗೆಯೇ ಐಸ್ ಮೇಲಿಡಿ. ಕದಡಿ ಇಟ್ಟದ್ದಕ್ಕಿಂತ ಗಸಿಯಾಗಿ ಇಟ್ಟದ್ದು ಹೆಚ್ಚು ಹೊತ್ತು ಬಾಳುತ್ತದೆ. ಆದರೂ ನಾಲ್ಕರಿಂದ ಆರು ಗಂಟೆಯೊಳಗೆ ಮುಗಿಸಬೇಕು. ಹುಬ್ಬಳ್ಳಿಯಲ್ಲಿ ತಯಾರಿಸಿ ಗದಗಿಗೋ ಹಾವೇರಿಗೋ ಒಯ್ದು ಅಳೆಯುವ ಯೋಚನೆ ಬೇಡ. ಅರ್ಧ ಆಯುಷ್ಯ ಬಸ್ಸಿನಲ್ಲೇ ಕಳೆದುಹೋಗುತ್ತದೆ.

ಅಳೆಯುವುದು

ತತ್ವ ಸರಳ. ಹೊರಬಂದ ಗ್ಲುಟಮೇಟನ್ನು ಗ್ಲುಟಮೇಟ್ ಡೀಹೈಡ್ರೋಜಿನೇಸ್ ಕಿಣ್ವ ಆಕ್ಸಿಡೀಕರಿಸುವಾಗ ಎನ್‌ಎಡಿಪಿ ಹೋಗಿ ಎನ್‌ಎಡಿಪಿಎಚ್ ಆಗುತ್ತದೆ. ಅದು 340 ನ್ಯಾನೋಮೀಟರ್ ಬೆಳಕು ಕುಡಿದು 460ರಲ್ಲಿ ಹೊಳೆಯುತ್ತದೆ.

ಗಸಿಯನ್ನು ಬಿಎಸ್‌ಎ (ಮಿ.ಲೀ.ಗೆ 1 ಮಿ.ಗ್ರಾಂ.) ಇರುವ 1 ಮಿ.ಲೀ. ಬಫರಿನಲ್ಲಿ ಕದಡಿ ಕ್ಯುವೆಟ್‌ಗೆ ಹಾಕಿ, 37 ಡಿಗ್ರಿ, ಕಲಕುತ್ತಿರಲಿ. ಎನ್‌ಎಡಿಪಿ 100 ಮಿಲಿಮೋಲಾರ್ ಸ್ಟಾಕಿನಿಂದ 10 ಮೈಕ್ರೊಲೀಟರ್, ಕಿಣ್ವ 50 ಯೂನಿಟ್. ಕಿಣ್ವವನ್ನು ಗ್ಲಿಸರಾಲ್‌ನಲ್ಲಿರುವುದೇ ಕೊಳ್ಳಿ. ಅಮೋನಿಯಮ್ ಸಲ್ಫೇಟಿನಲ್ಲಿ ತೇಲುವ ಅಗ್ಗದ ಕಿಣ್ವ ಈ ಕೆಲಸಕ್ಕೆ ಆಗದು. ಅಮೋನಿಯಮ್ ಈ ಕ್ರಿಯೆಯ ಉತ್ಪನ್ನವೇ ಆದ್ದರಿಂದ ಕ್ರಿಯೆಯನ್ನು ಹಿಂದಕ್ಕೆ ತಳ್ಳುತ್ತದೆ. ಬೇಸ್‌ಲೈನ್ ನೆಟ್ಟಗಾಗಲು ಹತ್ತು ನಿಮಿಷ ಬಿಡಿ. ಅಷ್ಟರಲ್ಲಿ ಕ್ಸೀನಾನ್ ದೀಪ ಅರ್ಧ ಗಂಟೆಯಾದರೂ ಉರಿದಿರಬೇಕು, ಯಂತ್ರ ಯುಪಿಎಸ್ ಮೇಲಿರಬೇಕು. ನಡುವೆ ಕರೆಂಟ್ ಒಂದು ಕ್ಷಣ ಹೋಗಿಬಂದರೂ ದೀಪದ ತೀವ್ರತೆ ಬದಲಾಗಿ, ಗೆರೆಯಲ್ಲಿ ಮೆಟ್ಟಿಲು ಮೂಡುತ್ತದೆ. ಅಂಥ ಗೆರೆಯನ್ನು ತಿದ್ದಿ ಬಳಸಬೇಡಿ.

ದಿನದ ಮೊದಲ ಕ್ಯುವೆಟ್ ವಿಷಕ್ಕಲ್ಲ. ಕ್ಯಾಲ್ಸಿಯಮ್ ಕ್ಲೋರೈಡ್ 1.3 ಮಿಲಿಮೋಲಾರ್ ಹಾಕಿ, ನರತುದಿಯನ್ನು ಕೆರಳಿಸಿ ಬಿಡುಗಡೆ ಮಾಡಿಸುವ 4-ಅಮೈನೋಪಿರಿಡಿನ್ 1 ಮಿಲಿಮೋಲಾರ್ ಹಾಕಿ ನೋಡಿ. (ಇದರ ಸ್ಟಾಕ್ ಜೋರು ಕ್ಷಾರ, ಪಿಎಚ್ 7.4ಕ್ಕೆ ತಂದಿರಬೇಕು.) ಗೆರೆ ಮೊದಲ ನಿಮಿಷದಲ್ಲೇ ಎದ್ದು, ಐದನೆಯ ನಿಮಿಷದ ಹೊತ್ತಿಗೆ ಬಾಗಬೇಕು. ಎರಡನೆಯ ಕ್ಯುವೆಟ್‌ನಲ್ಲಿ ಕ್ಯಾಲ್ಸಿಯಮ್ ಬದಲು, ಅದನ್ನು ಕಟ್ಟಿಹಾಕುವ ಇಜಿಟಿಎ 0.2 ಮಿಲಿಮೋಲಾರ್ ಹಾಕಿ ಅದನ್ನೇ ಮಾಡಿ. ಏರಿಕೆ ಮೊದಲಿನದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇರಬೇಕು. ಇರದಿದ್ದರೆ ಆ ದಿನದ ನರತುದಿಗಳು ಸೋರುತ್ತಿವೆ, ವಿಷ ಹಾಳುಮಾಡಬೇಡಿ.

ಪ್ರತಿ ಗೆರೆಯ ಕೊನೆಗೆ 2 ನ್ಯಾನೋಮೋಲ್ ಗ್ಲುಟಮೇಟ್ ಹಾಕಿ ಮೆಟ್ಟಿಲು ಪಡೆಯಿರಿ, ಅದೇ ನಿಮ್ಮ ಅಳತೆಗೋಲು.

ವಿಷದ ಕ್ಯುವೆಟ್‌ಗಳು, ಕಂಟ್ರೋಲ್‌ಗಳು

ಕ್ಯಾಲ್ಸಿಯಮ್ ಇರುವ ಕ್ಯುವೆಟ್‌ಗೆ 1 ನ್ಯಾನೋಮೋಲಾರ್ ವಿಷ ಹಾಕಿ, ಹತ್ತು ನಿಮಿಷ ದಾಖಲಿಸಿ. 4-ಅಮೈನೋಪಿರಿಡಿನ್‌ನಂತೆ ತಕ್ಷಣ ಜಿಗಿಯುವುದಿಲ್ಲ. ವಿಷ ಗ್ರಾಹಕ ಹಿಡಿದು ಪೊರೆಯೊಳಗೆ ಇಳಿಯಲು ಹೊತ್ತು ಬೇಕು. ಹಾಕಿದ ಕ್ಷಣಕ್ಕೇ ಗೆರೆ ಎದ್ದರೆ ಅನುಮಾನಪಡಿ. ಅದು ಹನಿ ಬಿದ್ದದ್ದರಿಂದಾದ ಏರುಪೇರು, ಇಲ್ಲವೆ ಬಿಎಸ್‌ಎಯಲ್ಲಿ ಬೆರೆತ ಗ್ಲುಟಮೇಟ್. ಅದಕ್ಕಾಗಿ ವಿಷವಿಲ್ಲದ ಬಿಎಸ್‌ಎ ಬಫರನ್ನು ಅಷ್ಟೇ ಪ್ರಮಾಣದಲ್ಲಿ ಹಾಕಿದ ಕ್ಯುವೆಟ್ ಒಂದಿರಲಿ.

ಈಗ ಇದೇ ವಿಷ, ಕ್ಯಾಲ್ಸಿಯಮ್ ಇಲ್ಲದೆ, 1 ಮಿಲಿಮೋಲಾರ್ ಮೆಗ್ನೀಸಿಯಮ್ ಮತ್ತು 0.2 ಮಿಲಿಮೋಲಾರ್ ಇಜಿಟಿಎ ಇರುವಲ್ಲಿ. ಇಲ್ಲಿ ಇಡಿಟಿಎ ಹಾಕಬಾರದು, ಇಜಿಟಿಎಯೇ ಆಗಬೇಕು. ಇಜಿಟಿಎ ಮೆಗ್ನೀಸಿಯಮನ್ನು ಅಷ್ಟಾಗಿ ಹಿಡಿಯುವುದಿಲ್ಲ, ಆದ್ದರಿಂದ ವಿಷದ ನಾಲ್ಕರ ಗುಂಪು ಉಳಿಯುತ್ತದೆ. ಗೆರೆ ಏರುತ್ತದೆ. ಹೊಸಬರು ಇಲ್ಲೇ ಎಡವುವುದು: ‘ಕ್ಯಾಲ್ಸಿಯಮ್ ಇಲ್ಲದೆಯೂ ವೆಸಿಕಲ್ ಒಡೆಯಿತು’ ಎಂದು ಬರೆಯುತ್ತಾರೆ. ಒಂದಿಷ್ಟು ಒಡೆದಿರಬಹುದು, ಆದರೆ ಈ ಏರಿಕೆಯಲ್ಲಿ ತೂತಿನಿಂದ ಸೋರಿದ್ದೂ ಇದೆ.

ಮೂರನೆಯದು, ಮೆಗ್ನೀಸಿಯಮ್ಮೂ ಇಲ್ಲದ ಬಫರಿನಲ್ಲಿ 2 ಮಿಲಿಮೋಲಾರ್ ಇಡಿಟಿಎ. ವಿಷಕ್ಕಿಂತ ಮೊದಲೇ ಇದು ಕ್ಯುವೆಟ್‌ನಲ್ಲಿರಬೇಕು. ವಿಷ ಜೋಡಿಯಾಗಿಯೇ ಉಳಿಯುತ್ತದೆ, ಗೆರೆ ಮಲಗಿರಬೇಕು. ಇಲ್ಲೂ ಏರಿತೆಂದರೆ ಅದು ವಿಷದ ಕೆಲಸವಲ್ಲ, ನರತುದಿಗಳೇ ಒಡೆಯುತ್ತಿವೆ.

ಬ್ಯಾಫಿಲೊಮೈಸಿನ್ ಕಂಟ್ರೋಲ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ವೆಸಿಕಲ್‌ಗೆ ಪ್ರೋಟಾನ್ ತುಂಬಿ ಗ್ಲುಟಮೇಟ್ ಒಳಗೇ ಉಳಿಯುವಂತೆ ಮಾಡುವ ಪಂಪನ್ನು ಇದು ನಿಲ್ಲಿಸುತ್ತದೆ. 1 ಮೈಕ್ರೊಮೋಲಾರ್ ಹಾಕಿ 37 ಡಿಗ್ರಿಯಲ್ಲಿ 40 ನಿಮಿಷ ಬಿಟ್ಟರೆ ವೆಸಿಕಲ್‌ಗಳು ಬರಿದಾಗುತ್ತವೆ. ಆಮೇಲೆ ವಿಷ ಹಾಕಿದಾಗ ಬರುವುದು ಸೋರಿಕೆ ಮಾತ್ರ. ಇಷ್ಟು ಸರಿ. ಆದರೆ ‘ಒಟ್ಟು ಏರಿಕೆಯಿಂದ ಇದನ್ನು ಕಳೆದರೆ ಬಿಡುಗಡೆ ಸಿಕ್ಕಿತು’ ಎಂದು ಕಳೆಯಲು ಹೋಗಬೇಡಿ. ವೆಸಿಕಲ್‌ನಿಂದ ಹೊರಬಿದ್ದ ಗ್ಲುಟಮೇಟ್ ಎಲ್ಲಿಗೆ ಹೋಯಿತು? ಕೋಶರಸಕ್ಕೇ. ಅಂದರೆ ಸೋರಲು ಕಾದಿರುವ ಗ್ಲುಟಮೇಟ್ ಮೊದಲಿಗಿಂತ ಜಾಸ್ತಿಯಾಗಿದೆ, ಸೋರಿಕೆ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಇದನ್ನು ಲೆಕ್ಕಕ್ಕಲ್ಲ, ಸಾಕ್ಷಿಗೆ ಬಳಸಿ: ಬ್ಯಾಫಿಲೊಮೈಸಿನ್ ಹಾಕಿದ ಮೇಲೆ ಏರಿಕೆಯ ವೇಗ ಎಷ್ಟು ತಗ್ಗಿತು, ಆಕಾರ ಹೇಗೆ ಬದಲಾಯಿತು ಎಂಬುದನ್ನು ನೋಡಿ. 40 ನಿಮಿಷ ಔಷಧವಿಲ್ಲದೆ, ಬರೀ ಡಿಎಂಎಸ್‌ಒ (ಬ್ಯಾಫಿಲೊಮೈಸಿನ್ ಕರಗಿಸಿದ ದ್ರಾವಕ) ಜೊತೆ ಕಾದ ಜೋಡಿ ಕ್ಯುವೆಟ್ ಇಲ್ಲದಿದ್ದರೆ ಈ ಹೋಲಿಕೆಗೆ ಬೆಲೆಯಿಲ್ಲ.

ತೂತು ಮುಚ್ಚಲು ಲ್ಯಾಂಥನಮ್ ಕ್ಲೋರೈಡ್ 100 ಮೈಕ್ರೊಮೋಲಾರ್. ಇದಕ್ಕೆ ಬೇರೆಯೇ ಬಫರ್ ಬೇಕು. ಫಾಸ್ಫೇಟ್, ಬೈಕಾರ್ಬನೇಟ್, ಇಜಿಟಿಎ ಮೂರೂ ಇರಬಾರದು. ಮೊದಲೆರಡು ಲ್ಯಾಂಥನಮ್ ಜೊತೆ ಗಸಿಯಾಗಿ ಬೀಳುತ್ತವೆ, ಮೂರನೆಯದು ಅದನ್ನು ಕಟ್ಟಿಹಾಕುತ್ತದೆ. ಕ್ಯುವೆಟ್ ಮಬ್ಬಾಗಿ ಗೆರೆ ಥಟ್ಟನೆ ಜಿಗಿದರೆ ಅದು ಗ್ಲುಟಮೇಟ್ ಅಲ್ಲ, ಚದುರಿದ ಬೆಳಕು. ಲ್ಯಾಂಥನಮ್ ಇರುವ ಕ್ಯುವೆಟ್‌ನ ಅಳತೆಗೋಲನ್ನು ಅದೇ ಕ್ಯುವೆಟ್‌ನಲ್ಲೇ ಪಡೆಯಿರಿ. ಇದು ನರತುದಿಯ ಸ್ವಂತ ಕ್ಯಾಲ್ಸಿಯಮ್ ದಾರಿಗಳನ್ನೂ ಮುಚ್ಚುತ್ತದೆಂಬುದು ನೆನಪಿರಲಿ.

ಸೋರಿಕೆಗೆ ಇನ್ನೊಂದು ಕಳ್ಳದಾರಿ ಇದೆ. ವಿಷದ ತೂತಿನಿಂದ ಸೋಡಿಯಮ್ ನುಗ್ಗಿ ಪೊರೆಯ ವೋಲ್ಟೇಜ್ ಕುಸಿದರೆ, ಗ್ಲುಟಮೇಟನ್ನು ಒಳಗೆಳೆಯುವ ಸಾಗಣೆ ಪ್ರೋಟೀನು ಉಲ್ಟಾ ತಿರುಗಿ ಹೊರಹಾಕತೊಡಗುತ್ತದೆ. ಆ ಸಾಗಣೆಯನ್ನು ತಡೆಯುವ ಟಿಬೋಆ 50 ಮೈಕ್ರೊಮೋಲಾರ್ ಹಾಕಿದರೆ ಅದು ನಿಲ್ಲುತ್ತದೆ. ಇಷ್ಟಾದ ಮೇಲೂ ಪರೀಕ್ಷಕರು ಒಪ್ಪದಿದ್ದರೆ ನಾರ್‌ಅಡ್ರಿನಲಿನ್ ಅಳೆಯುವ ದಾರಿ ಇದೆ. ಅದು ಕೋಶರಸದಲ್ಲಿ ಹೆಚ್ಚು ಉಳಿಯುವುದಿಲ್ಲ, ಬಹುಪಾಲು ವೆಸಿಕಲ್‌ನಲ್ಲೇ ಇರುತ್ತದೆ, ಹಾಗಾಗಿ ಸೋರಿಕೆಯ ಗೊಂದಲ ಕಡಿಮೆ. ವಿಕಿರಣಶೀಲ ಟ್ರಿಶಿಯಮ್ ಗುರುತಿನದಾದರೆ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಪರವಾನಗಿ ಬೇಕು.

ಕ್ಯುವೆಟ್‌ಗಳ ಸರದಿ ಕಲಸಿ ಇಡಿ. ಕ್ಯಾಲ್ಸಿಯಮ್ ಇರುವವನ್ನೆಲ್ಲ ಬೆಳಗ್ಗೆ, ಇಲ್ಲದವನ್ನೆಲ್ಲ ಮಧ್ಯಾಹ್ನ ಮಾಡಿದರೆ, ನೀವು ಅಳೆದದ್ದು ಕ್ಯಾಲ್ಸಿಯಮ್ ಅಲ್ಲ, ನರತುದಿಗಳ ಮುಪ್ಪು.

ವಿಷ ಅಂಟಿಕೊಂಡರೆ

ಸಂಜೆಯ ಹೊತ್ತಿಗೆ ವಿಷವಿಲ್ಲದ ಕ್ಯುವೆಟ್ ಕೂಡ ಮೆಲ್ಲಗೆ ಏರುತ್ತಿದೆಯೇ? ಕ್ವಾರ್ಟ್ಜ್ ಕ್ಯುವೆಟ್ ಮತ್ತು ಕಲಕುವ ಕಡ್ಡಿಯ ಮೇಲೆ ವಿಷ ಉಳಿದಿದೆ. ಬರೀ ನೀರಿನಿಂದ ಅದು ಹೋಗುವುದಿಲ್ಲ. 1% ಎಸ್‌ಡಿಎಸ್ ಎಂಬ ಮಾರ್ಜಕದಲ್ಲಿ ಹತ್ತು ನಿಮಿಷ ನೆನೆಸಿ, ಡೀಅಯನೈಸ್ಡ್ ನೀರಿನಲ್ಲಿ ಹತ್ತು ಸಲವಾದರೂ ತೊಳೆಯಬೇಕು. ಎಸ್‌ಡಿಎಸ್ ಕಣದಷ್ಟು ಉಳಿದರೂ ಮುಂದಿನ ನರತುದಿಗಳನ್ನು ಕರಗಿಸಿಬಿಡುತ್ತದೆ. ಇದೆಲ್ಲ ತಲೆನೋವು ಬೇಡವೆಂದರೆ ಒಮ್ಮೆ ಬಳಸಿ ಬಿಸಾಡುವ ಅಕ್ರಿಲಿಕ್ ಕ್ಯುವೆಟ್ ತರಿಸಿ. ಪಾಲಿಸ್ಟೈರೀನಿನದು ಬೇಡ, 340ರ ಹತ್ತಿರ ಅದು ಬೆಳಕನ್ನು ನುಂಗತೊಡಗುತ್ತದೆ. ಕಲಕುವ ಕಡ್ಡಿಗಳನ್ನು ‘ವಿಷ’, ‘ವಿಷವಿಲ್ಲ’ ಎಂದು ಎರಡು ಡಬ್ಬಿಗಳಲ್ಲಿ ಬೇರೆ ಇಡಿ.

ಸೀಸೆಯಲ್ಲಿರುವುದು ಮೈಕ್ರೊಗ್ರಾಂ ಲೆಕ್ಕವೇ ಆದರೂ ಒಣಪುಡಿಯನ್ನು ಫ್ಯಾನಿನ ಕೆಳಗೆ ತೆರೆಯಬೇಡಿ. ಮೊದಲು ಸೀಸೆಯನ್ನು ಸೆಂಟ್ರಿಫ್ಯೂಜಿನಲ್ಲಿ ಒಂದು ಸುತ್ತು ತಿರುಗಿಸಿ ಪುಡಿ ತಳಕ್ಕಿಳಿದ ಮೇಲೆ ಮುಚ್ಚಳ ತೆಗೆಯಿರಿ. ಕೈಗವಸು, ಕನ್ನಡಕ ಇರಲಿ, ಸೂಜಿ-ಸಿರಿಂಜು ಹತ್ತಿರ ಸುಳಿಯದಿರಲಿ. ಬಳಸಿದ ಟಿಪ್, ಟ್ಯೂಬ್, ಬಿಸಾಡುವ ಕ್ಯುವೆಟ್‌ಗಳನ್ನು ಸೋಡಿಯಮ್ ಹೈಪೋಕ್ಲೋರೈಟ್ ದ್ರಾವಣದಲ್ಲಿ ಒಂದು ರಾತ್ರಿ ಮುಳುಗಿಸಿ, ಮರುದಿನ ಜೈವಿಕ ತ್ಯಾಜ್ಯದ ಚೀಲಕ್ಕೆ ಹಾಕಿ. ಆಟೊಕ್ಲೇವ್ ಮಾಡುವುದಾದರೆ ಹೈಪೋಕ್ಲೋರೈಟ್ ಬಿಟ್ಟು ನೇರ ಆಟೊಕ್ಲೇವ್ ಮಾಡಿ. ಎರಡನ್ನೂ ಸೇರಿಸಿದರೆ ಕ್ಲೋರಿನ್ ಹೊರಬಂದು ಕೋಣೆ ತುಂಬುತ್ತದೆ, ಸ್ಟೀಲೂ ತುಕ್ಕು ಹಿಡಿಯುತ್ತದೆ.